ಕಾರಿನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಿಸಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪೆಟ್ರೋಲ್ ಕಾರಿನ ಸ್ಪಾರ್ಕ್ ಪ್ಲಗ್ ಕುರಿತು ಈ ಬಾರಿ ಹಲವು ಪತ್ರಗಳು ಬಂದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು 2013ರ ವ್ಯಾಗನ್ ಆರ್, ಒಂದು ಲೀಟರಿನ ಪೆಟ್ರೋಲ್ ಎಂಜಿನ್. 46,000 ಕಿ.ಮೀ. ಓಡಿದೆ. ಇತ್ತೀಚೆಗೆ ಬೆಳಗಿನ ಹೊತ್ತು ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುತ್ತದೆ, ಘಾಟಿ ಏರುವಾಗ ಮಧ್ಯೆ ಮಧ್ಯೆ ಮಿಸ್ ಹೊಡೆಯುತ್ತದೆ. ಪ್ಲಗ್ ಒಮ್ಮೆಯೂ ಬದಲಿಸಿಲ್ಲ. ಒಳ್ಳೆಯ ಗ್ಯಾರೇಜಿಗೆ ಹೋಗಬೇಕೆಂದರೆ ಮೂವತ್ತು ಕಿಲೋಮೀಟರ್ ದೂರ. ಸ್ಕೂಟರಿನ ಪ್ಲಗ್ ನಾನೇ ಬದಲಿಸಿಕೊಳ್ಳುತ್ತೇನೆ. ಕಾರಿನದ್ದನ್ನೂ ಮಾಡಬಹುದೇ? ಯಾವ ಯಾವ ಸಾಮಾನು ಬೇಕು?
— ತೀರ್ಥಹಳ್ಳಿಯ ಓದುಗರು

ಉತ್ತರ: ಖಂಡಿತವಾಗಿ ಮಾಡಬಹುದು. ಸ್ಕೂಟರಿನ ಪ್ಲಗ್ ಬಿಚ್ಚಿ ಹಾಕಿದ ಕೈಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಒಂದೇ ಒಂದು ವ್ಯತ್ಯಾಸವೆಂದರೆ ಸ್ಕೂಟರಿನಲ್ಲಿ ಪ್ಲಗ್ ಕಣ್ಣಿಗೆ ಕಾಣುತ್ತದೆ, ನಿಮ್ಮ ಕಾರಿನಲ್ಲಿ ಅದು ಒಂದು ಆಳವಾದ ಬಾವಿಯ ತಳದಲ್ಲಿರುತ್ತದೆ. ಆ ಬಾವಿಯೊಳಗೆ ಕಣ್ಣಿನ ಕೆಲಸವನ್ನು ಬೆರಳು ಮಾಡಬೇಕಾಗುತ್ತದೆ. ಅವಸರಪಟ್ಟವರ ಕೆಲಸ ಕೆಡುವುದು ಅಲ್ಲಿಯೇ ಆದ್ದರಿಂದ ಆ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ಪ್ಲಗ್ ಏಕೆ ಸವೆಯುತ್ತದೆ ಎಂಬುದನ್ನು ನೋಡೋಣ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿನಲ್ಲಿ ಒಂದು ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತ ಕಾರು ಸರಾಸರಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗಿತೆಂದು ಲೆಕ್ಕ ಹಿಡಿದರೆ, 40,000 ಕಿ.ಮೀ. ಮುಗಿಯುವ ಹೊತ್ತಿಗೆ ಒಂದೊಂದು ಪ್ಲಗ್ಗೂ ಆರು ಕೋಟಿ ಕಿಡಿಗಳನ್ನು ಹಾರಿಸಿರುತ್ತದೆ. ಪ್ರತಿ ಕಿಡಿಯೂ ಲೋಹದ ಒಂದು ಕಣವನ್ನು ಕಿತ್ತುಕೊಂಡು ಹೋಗುವುದರಿಂದ ಕಿಡಿ ಹಾರುವ ಎರಡು ತುದಿಗಳ ಚೂಪಾಗಿದ್ದ ಅಂಚುಗಳು ಉರುಟಾಗುತ್ತವೆ, ನಡುವಿನ ಸಂದು ಅಗಲವಾಗುತ್ತದೆ. ಸಂದು ಅಗಲವಾದಷ್ಟೂ ಅದನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಘಾಟಿ ಏರುವಾಗ ಸಿಲಿಂಡರಿನೊಳಗಿನ ಒತ್ತಡವೂ ಹೆಚ್ಚುವುದರಿಂದ ಕಿಡಿ ಹಾರುವುದು ಇನ್ನಷ್ಟು ಕಷ್ಟವಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಸುಮ್ಮನಿದ್ದ ಕಾರು ಏರಿನಲ್ಲಿ ಮಿಸ್ ಹೊಡೆಯುವುದರ ಕಾರಣ ಇದು. ಸಾಧಾರಣ ನಿಕಲ್ ಪ್ಲಗ್ಗುಗಳ ಆಯುಸ್ಸು ಮೂವತ್ತರಿಂದ ನಲವತ್ತು ಸಾವಿರ ಕಿಲೋಮೀಟರಿನಷ್ಟು ಎಂದು ತಿಳಿಯಬಹುದು, ಆದ್ದರಿಂದ ನೀವು ಹೇಳಿದ ಲಕ್ಷಣಗಳಿಗೆ ಪ್ಲಗ್ಗುಗಳ ಮೇಲೆ ಅನುಮಾನಪಡುವುದು ಸರಿಯಾಗಿಯೇ ಇದೆ.

ಬೇಕಾದ ಸಾಮಾನು ಬಹಳವಿಲ್ಲ. ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್‌ಗಳ ಬೋಲ್ಟ್ ಬಿಚ್ಚಲು 10 ಮಿ.ಮೀ. ಸಾಕೆಟ್, ಪ್ಲಗ್ ಬಿಚ್ಚಲು 16 ಮಿ.ಮೀ. ಪ್ಲಗ್ ಸಾಕೆಟ್, ಅದಕ್ಕೆ ಒಂದು ಉದ್ದನೆಯ ಎಕ್ಸ್‌ಟೆನ್ಶನ್, ಒಂದು ರ್‍ಯಾಚೆಟ್ ಹಿಡಿ, ಪ್ಲಗ್ಗಿನ ಸಂದು ಅಳೆಯಲು ಒಂದು ಫೀಲರ್ ಗೇಜ್ ಮತ್ತು ಸೈಕಲ್ ಪಂಪ್ ಇದ್ದರೆ ಸಾಕು. ಪ್ಲಗ್ ಸಾಕೆಟ್ ಕೊಳ್ಳುವಾಗ ಒಳಗೆ ರಬ್ಬರ್ ಉಂಗುರವೋ ಅಯಸ್ಕಾಂತವೋ ಇರುವುದನ್ನೇ ಕೇಳಿ ಕೊಳ್ಳಿರಿ, ಇಲ್ಲದಿದ್ದರೆ ಬಿಚ್ಚಿದ ಪ್ಲಗ್ ಬಾವಿಯಿಂದ ಮೇಲೆ ಬರುವುದಿಲ್ಲ. ಹೊಸ ಪ್ಲಗ್ಗುಗಳ ಸಂಖ್ಯೆಯನ್ನು ಕಾರಿನ ಕೈಪಿಡಿಯಲ್ಲಿ ನೋಡಿ ಬರೆದುಕೊಂಡು ಹೋಗಿ, ಮೂರು ಸಿಲಿಂಡರಿಗೆ ಅದೇ ಸಂಖ್ಯೆಯ ಮೂರನ್ನು ನಂಬಿಕೆಯ ಅಂಗಡಿಯಲ್ಲಿ ತನ್ನಿರಿ. ಮೂರರಲ್ಲಿ ಒಂದನ್ನು ಮಾತ್ರ ಬದಲಿಸುವುದು ಉಳಿತಾಯವಲ್ಲ.

ಕೆಲಸವನ್ನು ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಾಡಿರಿ. ಎಂಜಿನ್ನಿನ ಹೆಡ್, ಎಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಮ್ಮಿನದು, ಪ್ಲಗ್ಗಿನ ಮೈ ಉಕ್ಕಿನದು. ಬಿಸಿಯಾಗಿರುವಾಗ ಅಲ್ಯೂಮಿನಿಯಂ ಮೆದುವಾಗಿರುತ್ತದೆ, ಆಗ ಪ್ಲಗ್ ತಿರುಗಿಸಿದರೆ ಥ್ರೆಡ್ (ತಿರುಪಿನ ಸುತ್ತು) ಕಿತ್ತುಬರುವ ಅಪಾಯವಿದೆ. ಕೀ ತೆಗೆದಿಡಿ. ಮೇಲೆ ಏರ್ ಫಿಲ್ಟರಿನ ಡಬ್ಬ ಅಡ್ಡವಿದ್ದರೆ ಅದನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ತೆರೆದುಕೊಂಡ ಬಾಯಿಗೆ ಶುದ್ಧ ಬಟ್ಟೆ ಮುಚ್ಚಿರಿ. ನಿಮ್ಮ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಅದರ ಕನೆಕ್ಟರಿನ ಚಿಕ್ಕ ನಾಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕನೆಕ್ಟರನ್ನು ಎಳೆಯಬೇಕೇ ಹೊರತು ವೈರ್ ಹಿಡಿದು ಎಳೆಯಬಾರದು. ಹತ್ತು ವರ್ಷ ಶಾಖ ತಿಂದ ಪ್ಲಾಸ್ಟಿಕ್ ಒಣ ಕಡ್ಡಿಯಂತೆ ಮುರಿಯುತ್ತದೆ. ಬೋಲ್ಟ್ ಬಿಚ್ಚಿ, ಕಾಯಿಲನ್ನು ಅತ್ತಿತ್ತ ಸ್ವಲ್ಪ ತಿರುಗಿಸಿ, ನೆಟ್ಟಗೆ ಮೇಲಕ್ಕೆ ಎತ್ತಿರಿ.

ಈಗ ಪ್ಲಗ್ಗಿಗೆ ಸಾಕೆಟ್ ಹಾಕುವ ಮೊದಲು ಬಾವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿರಿ. ತಳದಲ್ಲಿ ಧೂಳು, ಮರಳು, ಒಮ್ಮೊಮ್ಮೆ ಸತ್ತ ಇರುವೆಗಳೂ ಇರುತ್ತವೆ. ಪ್ಲಗ್ ತೆಗೆದ ಕ್ಷಣ ಇದೆಲ್ಲ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಬೀಳುತ್ತದೆ. ಸೈಕಲ್ ಪಂಪಿನ ತುದಿಗೆ ಒಂದಡಿ ತೆಳ್ಳನೆಯ ಪೈಪ್ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ನಾಲ್ಕಾರು ಸಲ ಜೋರಾಗಿ ಗಾಳಿ ಹೊಡೆದು ಬಾವಿಯನ್ನು ಚೊಕ್ಕಟ ಮಾಡಿರಿ. ಆ ಬಳಿಕವೇ ಪ್ಲಗ್ ಬಿಚ್ಚಿರಿ. ಒಂದನೆಯದು, ಎರಡನೆಯದು, ಮೂರನೆಯದು ಎಂದು ಕಾಗದದ ಮೇಲೆ ಬರೆದು ಹಳೆಯ ಪ್ಲಗ್ಗುಗಳನ್ನು ಅದೇ ಕ್ರಮದಲ್ಲಿ ಇಡಿರಿ, ಅವನ್ನು ಓದುವ ಬಗೆಯನ್ನು ಮುಂದೆ ಹಾಸನದ ಓದುಗರಿಗೆ ಬರೆದಿದ್ದೇನೆ. ಒಮ್ಮೆಲೇ ಮೂರನ್ನೂ ಬಿಚ್ಚದೆ, ಒಂದನ್ನು ಬಿಚ್ಚಿ ಅಲ್ಲಿಗೆ ಹೊಸದನ್ನು ಹಾಕಿ ಮುಂದಿನದಕ್ಕೆ ಹೋಗುವುದು ಒಳ್ಳೆಯದು. ಆಗ ಬಾಯಿ ತೆರೆದ ಸಿಲಿಂಡರಿನೊಳಗೆ ಏನಾದರೂ ಬೀಳುವ ಭಯ ಕಡಿಮೆ.

ಹೊಸ ಪ್ಲಗ್ಗನ್ನು ಕೂರಿಸುವ ಬಗೆ ಈ ಇಡೀ ಕೆಲಸದ ಜೀವಾಳ. ಹಳೆಯ ಪೆಟ್ರೋಲ್ ಪೈಪಿನ ಒಂದಡಿ ತುಂಡೊಂದನ್ನು ತೆಗೆದುಕೊಂಡು, ಪ್ಲಗ್ಗಿನ ಪಿಂಗಾಣಿಯ ತುದಿಗೆ ಬಿಗಿಯಾಗಿ ತೊಡಿಸಿ, ಅದನ್ನು ಹಿಡಿದು ಪ್ಲಗ್ಗನ್ನು ಮೆಲ್ಲಗೆ ಬಾವಿಗೆ ಇಳಿಸಿರಿ. ತಳ ಮುಟ್ಟಿದ ಮೇಲೆ ಮೊದಲು ಬಿಚ್ಚುವ ದಿಕ್ಕಿಗೆ ಒಂದು ಸುತ್ತು ತಿರುಗಿಸಿರಿ. ಎರಡೂ ಥ್ರೆಡ್ಡುಗಳ ಬಾಯಿ ಎದುರಾದಾಗ ಪ್ಲಗ್ ಒಂದಿಷ್ಟು ‘ಟಕ್’ ಎಂದು ಕೆಳಗಿಳಿದದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಿಗಿ ಮಾಡುವ ದಿಕ್ಕಿಗೆ ಪೈಪನ್ನು ತಿರುಗಿಸುತ್ತ ಹೋಗಿರಿ. ಥ್ರೆಡ್ ನೆಟ್ಟಗೆ ಕಚ್ಚಿದ್ದರೆ ಬೆಣ್ಣೆಯಲ್ಲಿ ತಿರುಗಿದಂತೆ ಸರಾಗವಾಗಿ ಇಳಿಯುತ್ತದೆ. ಓರೆಯಾಗಿ ಕಚ್ಚಿದ್ದರೆ ಪ್ಲಗ್ ನಿಂತುಬಿಡುತ್ತದೆ, ಪೈಪ್ ಮಾತ್ರ ಅದರ ತಲೆಯ ಮೇಲೆ ಜಾರಿ ತಿರುಗುತ್ತದೆ. ರಬ್ಬರ್ ಪೈಪಿಗೆ ಥ್ರೆಡ್ ಹಾಳು ಮಾಡುವಷ್ಟು ಶಕ್ತಿಯಿಲ್ಲ, ಅದರ ಉಪಯೋಗವೇ ಅದು. ನಿಂತರೆ ಬಿಚ್ಚಿ ತೆಗೆದು ಮತ್ತೆ ಮೊದಲಿನಿಂದ ಮಾಡಿರಿ. ಕೈಯಿಂದ ಪೂರ್ತಿ ಇಳಿದು ವಾಷರ್ ಕೂತ ಮೇಲಷ್ಟೇ ಸಾಕೆಟ್ ಮತ್ತು ರ್‍ಯಾಚೆಟ್ ಕೈಗೆ ತೆಗೆದುಕೊಳ್ಳಬೇಕು. ಎಷ್ಟು ಬಿಗಿ ಮಾಡಬೇಕು ಎಂಬುದು ಮುಂದಿನ ಪ್ರಶ್ನೆಯಲ್ಲಿದೆ.

ಕಾಯಿಲನ್ನು ಮರಳಿ ಕೂರಿಸುವಾಗ ರಬ್ಬರ್ ಬೂಟು ಪ್ಲಗ್ಗಿನ ತಲೆಯ ಮೇಲೆ ಪೂರ್ತಿ ಕೂತದ್ದನ್ನು ಅಂಗೈಯಿಂದ ಒತ್ತಿ ಖಾತ್ರಿ ಮಾಡಿಕೊಳ್ಳಿ. ಕನೆಕ್ಟರ್ ಕೂತಾಗ ನಾಲಿಗೆಯ ಸದ್ದು ಕೇಳಿಸಬೇಕು. ಸ್ಟಾರ್ಟ್ ಮಾಡಿ ಐದು ನಿಮಿಷ ಸುಮ್ಮನೆ ನಿಂತು ಎಂಜಿನ್ನಿನ ಸದ್ದು ಆಲಿಸಿರಿ. ಮೂರು ಸಿಲಿಂಡರಿನ ಎಂಜಿನ್ ಸ್ವಭಾವತಃ ಸ್ವಲ್ಪ ಅದುರುತ್ತದೆ, ಆದರೆ ಆ ಅದುರಿಗೆ ಒಂದು ಲಯವಿರುತ್ತದೆ. ಲಯ ತಪ್ಪುತ್ತಿದ್ದರೆ ಕಾಯಿಲ್ ಅಥವಾ ಕನೆಕ್ಟರ್ ಒಂದು ಸರಿಯಾಗಿ ಕೂತಿಲ್ಲವೆಂದೇ ಅರ್ಥ.

ಪ್ರಶ್ನೆ: ಪ್ಲಗ್ಗನ್ನು ಕೈಯಲ್ಲಿ ಆಗುವಷ್ಟು ಬಿಗಿ ಮಾಡಬೇಕೆಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಟಾರ್ಕ್ ರೆಂಚ್ ಇಲ್ಲದೆ ಮುಟ್ಟಲೇಬಾರದೆಂದು ಅಳಿಯ ಹೇಳುತ್ತಾನೆ. ಯಾರ ಮಾತು ಕೇಳಲಿ? ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಕೇ?
— ಧಾರವಾಡದ ಓದುಗರು

ಉತ್ತರ: ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್ ಇದ್ದರೆ ಅಳಿಯನ ಮಾತು ಕೇಳಿರಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿ.ಮೀ. ಥ್ರೆಡ್ಡಿನ ಪ್ಲಗ್ಗಿಗೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ, 12 ಮಿ.ಮೀ. ಪ್ಲಗ್ಗಿಗೆ 15ರಿಂದ 20ರಷ್ಟು, 10 ಮಿ.ಮೀ. ಪ್ಲಗ್ಗಿಗೆ 10ರಿಂದ 12ರಷ್ಟು ಬಿಗಿ ಸಾಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಅಂತಿಮ. 25 ನ್ಯೂಟನ್ ಮೀಟರ್ ಎಂದರೆ ಎಷ್ಟು ಎಂಬುದನ್ನು ಕೈಗೆ ತಿಳಿಯುವಂತೆ ಹೇಳುವುದಾದರೆ, 25 ಸೆಂ.ಮೀ. ಉದ್ದದ ಹಿಡಿಯ ತುದಿಗೆ ಹತ್ತು ಕಿಲೋ ಅಕ್ಕಿಯ ಚೀಲ ತೂಗುಹಾಕಿದಾಗ ಬೀಳುವ ಬಲದಷ್ಟು. ಗಟ್ಟಿಮುಟ್ಟಾದ ಆಳು ‘ಕೈಯಲ್ಲಿ ಆಗುವಷ್ಟು’ ಎಳೆದರೆ ಇದರ ಮೂರು ಪಟ್ಟು ದಾಟುವುದು ಕಷ್ಟವೇನಲ್ಲ.

ರೆಂಚ್ ಇಲ್ಲದವರಿಗೂ ಒಂದು ಖಚಿತವಾದ ದಾರಿ ಇದೆ. ಹೊಸ ಪ್ಲಗ್ಗಿನ ವಾಷರ್ ಟೊಳ್ಳಾಗಿರುತ್ತದೆ, ಬಿಗಿ ಮಾಡುವಾಗ ಅದು ಚಪ್ಪಟೆಯಾಗಿ ಸೀಲ್ ಆಗುತ್ತದೆ. ಪ್ಲಗ್ ಬೆರಳಿನಿಂದಲೇ ಪೂರ್ತಿ ಇಳಿದು ನಿಂತ ಮೇಲೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತಿನವರೆಗೆ, ಎಂದರೆ ಗಡಿಯಾರದ ಮುಳ್ಳು ಹನ್ನೆರಡರಿಂದ ಆರು ಇಲ್ಲವೇ ಎಂಟರವರೆಗೆ ಹೋದಷ್ಟು, ತಿರುಗಿಸಿದರೆ ಸಾಕು. ಒಮ್ಮೆ ಬಳಸಿದ ಪ್ಲಗ್ಗನ್ನೇ ತಿರುಗಿ ಹಾಕುವಾಗ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಹನ್ನೆರಡರಿಂದ ಒಂದರವರೆಗೆ ಮಾತ್ರ. ವಾಷರ್ ಇಲ್ಲದ, ಶಂಕುವಿನಾಕಾರದ ಕೂರುಬಾಯಿಯ ಪ್ಲಗ್ಗಾದರೆ ಹದಿನಾರನೇ ಒಂದು ಸುತ್ತಷ್ಟೇ. ಪ್ಲಗ್ಗಿನ ಡಬ್ಬಿಯ ಮೇಲೆ ಈ ಸುತ್ತಿನ ಚಿತ್ರವನ್ನು ಅಚ್ಚು ಹಾಕಿರುತ್ತಾರೆ; ಡಬ್ಬಿ ಎಸೆಯುವ ಮೊದಲು ನೋಡಿಕೊಳ್ಳಿ. ಸಡಿಲವಾಗಿ ಬಿಡುವುದೂ ತಪ್ಪೇ. ಪ್ಲಗ್ಗಿನ ಶಾಖ ಹೆಡ್ಡಿಗೆ ಹರಿದುಹೋಗುವುದು ಥ್ರೆಡ್ ಮತ್ತು ವಾಷರಿನ ಮೂಲಕ. ಅವು ಗಟ್ಟಿಯಾಗಿ ಅಂಟಿಕೊಳ್ಳದಿದ್ದರೆ ಪ್ಲಗ್ಗಿನ ತುದಿ ವಿಪರೀತ ಕಾಯುತ್ತದೆ.

ಗ್ರೀಸ್ ಬೇಡ. ಈಗಿನ ಪ್ಲಗ್ಗುಗಳ ಥ್ರೆಡ್ಡಿಗೆ ತುಕ್ಕು ಹಿಡಿಯದಂತೆ, ಕಚ್ಚಿಕೊಳ್ಳದಂತೆ ಲೋಹದ ಲೇಪ ಕೊಟ್ಟೇ ಮಾರುತ್ತಾರೆ. ಮೇಲೆ ಗ್ರೀಸ್ ಹಚ್ಚಿದರೆ ಜಾರುವಿಕೆ ಹೆಚ್ಚಿ, ಅದೇ ಕೈಬಲಕ್ಕೆ ಪ್ಲಗ್ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗಿ ಥ್ರೆಡ್ಡನ್ನು ಎಳೆದುಬಿಡುತ್ತದೆ.

ಪ್ರಶ್ನೆ: ಮೂರು ಸಿಲಿಂಡರಿನ ಕಾರಿನ ಪ್ಲಗ್ಗುಗಳನ್ನು ಬಿಚ್ಚಿ ನೋಡಿದೆ. ಎರಡು ತಿಳಿ ಕಂದು ಬಣ್ಣಕ್ಕಿವೆ, ನಡುವಿನದು ಕಪ್ಪಾಗಿ ಒದ್ದೆಯಾಗಿದೆ. ಎಂಜಿನ್ ಕೆಲಸಕ್ಕೆ ಬಂದಿದೆಯೇ? ದೊಡ್ಡ ಖರ್ಚು ಬರುತ್ತದೆಯೇ ಎಂದು ಆತಂಕವಾಗಿದೆ.
— ಹಾಸನದ ಓದುಗರು

ಉತ್ತರ: ಆತಂಕಪಡುವ ಮೊದಲು ಆ ಒದ್ದೆ ಏನೆಂದು ಪರೀಕ್ಷಿಸಿರಿ. ಪ್ಲಗ್ಗನ್ನು ಬಿಳಿ ಕಾಗದದ ಮೇಲೆ ಒತ್ತಿ, ಮೂಸಿ, ಅರ್ಧ ಗಂಟೆ ಹಾಗೆಯೇ ಬಿಡಿರಿ. ಪೆಟ್ರೋಲ್ ಆದರೆ ವಾಸನೆಯಿಂದಲೇ ಗೊತ್ತಾಗುತ್ತದೆ, ಕಾಗದದ ಮೇಲಿನ ಕಲೆಯೂ ಬಹುಪಾಲು ಆರಿಹೋಗುತ್ತದೆ. ಎಂಜಿನ್ ಆಯಿಲ್ ಆದರೆ ಎಣ್ಣೆಯ ಕಲೆ ಉಳಿದು ಹರಡುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ.

ಪೆಟ್ರೋಲ್ ಎಂದಾದರೆ ಆ ಸಿಲಿಂಡರಿಗೆ ಇಂಧನ ಬಂದಿದೆ, ಕಿಡಿ ಬಂದಿಲ್ಲ. ಪ್ಲಗ್ ಕೆಟ್ಟಿರಬಹುದು, ಕಾಯಿಲ್ ಕೆಟ್ಟಿರಬಹುದು. ತಿಳಿಯಲು ನಡುವಿನ ಕಾಯಿಲನ್ನು ಒಂದನೆಯ ಸಿಲಿಂಡರಿಗೂ ಒಂದನೆಯದನ್ನು ನಡುವಿಗೂ ಅದಲುಬದಲು ಮಾಡಿ ಕಾರು ಓಡಿಸಿರಿ. ದೋಷ ಕಾಯಿಲಿನ ಜೊತೆ ಒಂದನೆಯ ಸಿಲಿಂಡರಿಗೆ ಬಂದರೆ ಕಾಯಿಲ್ ಬದಲಿಸಬೇಕು, ನಡುವಿನಲ್ಲೇ ಉಳಿದರೆ ಕಾರಣ ಬೇರೆ. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಇದನ್ನು ಪಿ0301, ಪಿ0302, ಪಿ0303 ಎಂಬ ಕೋಡುಗಳಲ್ಲಿ ಓದುತ್ತಾರೆ, ಕೊನೆಯ ಅಂಕಿಯೇ ಮಿಸ್ ಹೊಡೆಯುತ್ತಿರುವ ಸಿಲಿಂಡರ್. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಮಿಟುಕುತ್ತಿದ್ದರೆ ಮಾತ್ರ ಕಾರನ್ನು ಹೆಚ್ಚು ದೂರ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಹಾಳುಮಾಡುತ್ತದೆ. ಪ್ಲಗ್ಗಿನ ಬೆಲೆಗೂ ಆ ಕನ್ವರ್ಟರಿನ ಬೆಲೆಗೂ ಅಜಗಜಾಂತರ.

ಆಯಿಲ್ ಎಂದಾದರೆ ಅದು ಪ್ಲಗ್ಗಿನ ಯಾವ ಭಾಗದಲ್ಲಿದೆ ನೋಡಿರಿ. ಮೇಲ್ಭಾಗದಲ್ಲಿ, ಎಂದರೆ ಪಿಂಗಾಣಿಯ ಮೇಲೆ ಮತ್ತು ಬಾವಿಯ ತಳದಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಅಥವಾ ಪ್ಲಗ್ ಬಾವಿಯ ರಬ್ಬರ್ ಸೀಲ್ ಸೋತಿದೆ. ಅದು ಚಿಕ್ಕ ಕೆಲಸ. ಥ್ರೆಡ್ಡಿನ ಕೆಳಗೆ, ಕಿಡಿ ಹಾರುವ ತುದಿಯಲ್ಲೇ ಆಯಿಲ್ ಇದ್ದರೆ ಅದು ಸಿಲಿಂಡರಿನ ಒಳಗಿನಿಂದ ಬಂದದ್ದು, ಪಿಸ್ಟನ್ ರಿಂಗ್ ಅಥವಾ ವಾಲ್ವಿನ ಆಯಿಲ್ ಸೀಲ್ ಸವೆದಿರಬಹುದು. ರಾತ್ರಿಯಿಡೀ ನಿಂತ ಕಾರು ಬೆಳಗ್ಗೆ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಉಗುಳಿ ಸುಮ್ಮನಾದರೆ ವಾಲ್ವಿನ ಸೀಲ್ ಕಡೆಗೆ ಅನುಮಾನ ಹೆಚ್ಚು. ಇದನ್ನು ಮನೆಯಲ್ಲಿ ಸರಿಪಡಿಸಲಾಗದು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸಿ, ಆಮೇಲೆ ಮುಂದಿನ ಮಾತು.

ಉಳಿದ ಎರಡರ ತಿಳಿ ಕಂದು ಬಣ್ಣ ಆರೋಗ್ಯದ ಗುರುತು. ಇದರ ಜೊತೆಗೆ ಇನ್ನೆರಡು ಬಣ್ಣಗಳನ್ನು ತಿಳಿದಿರಿ. ಬೆರಳಿಗೆ ಮೆತ್ತಿಕೊಳ್ಳುವ ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಕೊಳೆ ತುಂಬಿದ ಏರ್ ಫಿಲ್ಟರ್ ಇರಬಹುದು, ಅಥವಾ ಎಂಜಿನ್ ಕಾಯುವ ಮೊದಲೇ ನಿಲ್ಲಿಸುವಂಥ ಗಿಡ್ಡ ಓಡಾಟಗಳು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ದಿನವೂ ಎರಡು ಕಿಲೋಮೀಟರ್ ದೂರದ ಶಾಲೆಗೆ ಹೋಗಿಬರುವ ಕಾರಿಗೆ ಆ ಶಾಖ ಏರುವುದೇ ಇಲ್ಲ. ಇನ್ನೊಂದು, ತುದಿ ಸುಣ್ಣದಂತೆ ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ವಿಪರೀತ ಕಾದಿದೆ ಎಂದರ್ಥ. ಇದನ್ನು ಕಂಡರೆ ಹೊಸ ಪ್ಲಗ್ ಹಾಕಿ ಸುಮ್ಮನಾಗದೆ ಕೂಲಂಟ್, ರೇಡಿಯೇಟರ್ ಫ್ಯಾನ್, ಪ್ಲಗ್ಗಿನ ಸಂಖ್ಯೆ ಎಲ್ಲವನ್ನೂ ತಪಾಸಣೆ ಮಾಡಿಸಿರಿ. ಪಿಂಗಾಣಿಯ ಹೊರಮೈಯಲ್ಲಿ, ಲೋಹಕ್ಕೆ ತಾಗಿದಂತೆ, ಕಂದು ಉಂಗುರವೊಂದು ಕಾಣುವುದುಂಟು. ಅದನ್ನು ಗ್ಯಾಸ್ ಸೋರಿಕೆ ಎಂದು ತಿಳಿದು ಒಳ್ಳೆಯ ಪ್ಲಗ್ ಎಸೆದವರನ್ನು ನೋಡಿದ್ದೇನೆ. ಹೆಚ್ಚು ವೋಲ್ಟೇಜಿನ ಸುತ್ತ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು, ಅದರಿಂದ ತೊಂದರೆಯಿಲ್ಲ.

ಪ್ರಶ್ನೆ: ತಂದೆಯವರು ಬಿಟ್ಟುಹೋದ 1996ರ ಮಾರುತಿ 800 ಇನ್ನೂ ಓಡುವ ಸ್ಥಿತಿಯಲ್ಲಿದೆ. ಅವರು ಯಾವಾಗಲೂ ಮೈಕೋ ಪ್ಲಗ್ಗನ್ನೇ ಹಾಕಿಸುತ್ತಿದ್ದರು. ಈಗ ಅಂಗಡಿಯವರು ಬೇರೆ ಕಂಪನಿಯದನ್ನು ಕೊಡುತ್ತಾರೆ, ಸಂಖ್ಯೆ ಹೊಂದುವುದಿಲ್ಲ. ಇರಿಡಿಯಂ ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆ ಎನ್ನುತ್ತಾರೆ. ಏನು ಮಾಡಲಿ?
— ಮೈಸೂರಿನ ಓದುಗರು

ಉತ್ತರ: ಮೈಕೋ ಎಂಬ ಹೆಸರು ನಮ್ಮ ಕಡೆಯ ಮನೆಮಾತು. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜರ್ಮನಿಯ ಬಾಷ್ ಸಂಸ್ಥೆಯ ತಂತ್ರಜ್ಞಾನದಲ್ಲಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ದೇಶಕ್ಕೆಲ್ಲ ಕೊಟ್ಟಿತು. ಬೆಂಗಳೂರಿನ ಒಂದು ಬಡಾವಣೆಗೇ ಅದರ ಹೆಸರು ಉಳಿದಿದೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆದ್ದರಿಂದ ತಂದೆಯವರ ಮೈಕೋವನ್ನು ನೀವು ಬಾಷ್ ಎಂಬ ಹೆಸರಿನಲ್ಲಿ ಕೇಳಬೇಕು. ಬೆಂಗಳೂರಿಗೆ ಬಂದಾಗ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿರಿ. ಮುಚ್ಚಿದ ಡಬ್ಬಿ, ಪಿಂಗಾಣಿಯ ಮೇಲಿನ ಅಚ್ಚು ಸ್ಪಷ್ಟವಾಗಿದೆಯೇ, ವಾಷರ್ ಹೊಸತೇ ಎಂದು ನೋಡಿಯೇ ಹಣ ಕೊಡಿರಿ.

ಸಂಖ್ಯೆ ಹೊಂದದಿರುವುದಕ್ಕೆ ಕಾರಣವಿದೆ, ಮತ್ತು ಅದನ್ನು ತಿಳಿಯದೆ ಪ್ಲಗ್ ಹಾಕುವುದು ಅಪಾಯ. ಪ್ಲಗ್ಗಿನ ಮೇಲಿನ ಅಂಕಿ ಅದು ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದರ ಅಳತೆ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣನೆಯದು, ಎಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದು. ಬಾಷ್‌ನಲ್ಲಿ ತದ್ವಿರುದ್ಧ, ಅಂಕಿ ಹೆಚ್ಚಾದಷ್ಟೂ ಬಿಸಿ. ಎನ್‌ಜಿಕೆಯ 6 ಬಾಷ್‌ನ 7ಕ್ಕೆ, ಎನ್‌ಜಿಕೆಯ 5 ಬಾಷ್‌ನ 8ಕ್ಕೆ ಹೆಚ್ಚುಕಡಿಮೆ ಸಮ. ‘ಅಂಕಿ ಒಂದೇ ಇದೆಯಲ್ಲ’ ಎಂದು ಒಂದರ ಬದಲು ಇನ್ನೊಂದನ್ನು ಹಾಕಿದರೆ ಒಂದೋ ಮಸಿ ಹಿಡಿಯುತ್ತದೆ, ಇಲ್ಲವೇ ತುದಿ ಸುಡುತ್ತದೆ. ಅಕ್ಷರಗಳಿಗೂ ಅರ್ಥವಿದೆ. ಉದಾಹರಣೆಗೆ ಎನ್‌ಜಿಕೆಯ ಬಿಪಿಆರ್6ಇಎಸ್ ಎಂಬುದರಲ್ಲಿ ‘ಬಿ’ ಎಂದರೆ 14 ಮಿ.ಮೀ. ಥ್ರೆಡ್, ‘ಆರ್’ ಎಂದರೆ ರೇಡಿಯೋದಲ್ಲಿ ಕರಕರ ಸದ್ದು ಬಾರದಂತೆ ಒಳಗಿಟ್ಟ ರೆಸಿಸ್ಟರ್, ‘ಇ’ ಎಂದರೆ 19 ಮಿ.ಮೀ. ಉದ್ದದ ಥ್ರೆಡ್. ಥ್ರೆಡ್ ಉದ್ದ ತಪ್ಪಿದರೆ ಪ್ಲಗ್ಗಿನ ಮೂತಿ ಪಿಸ್ಟನ್ನಿಗೆ ತಾಗುವ ಸಂಭವವೂ ಇರುವುದರಿಂದ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡದೆ ಹಾಕಬಾರದು.

ಇರಿಡಿಯಂ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಿಮ್ಮ ಕಾರಿಗೆ ಅದು ಬೇಡ. ನಿಕಲ್ 1,455 ಡಿಗ್ರಿಯಲ್ಲಿ ಕರಗಿದರೆ ಇರಿಡಿಯಂ ಕರಗುವುದು 2,446 ಡಿಗ್ರಿಯಲ್ಲಿ, ಹೀಗಾಗಿ ತುದಿಯನ್ನು ಸೂಜಿಯಷ್ಟು ತೆಳ್ಳಗೆ ಮಾಡಿದರೂ ಅದು ಲಕ್ಷ ಕಿಲೋಮೀಟರಿನ ಹತ್ತಿರ ಬಾಳುತ್ತದೆ. ಅದರ ಹೆಚ್ಚುಗಾರಿಕೆ ಬಾಳಿಕೆಯಲ್ಲಿದೆ. ಒಳ್ಳೆಯ ಸ್ಥಿತಿಯ ನಿಕಲ್ ಪ್ಲಗ್ಗಿಗಿಂತ ಮೈಲೇಜ್ ಎದ್ದುಕಾಣುವಷ್ಟು ಹೆಚ್ಚುತ್ತದೆ ಎಂಬುದನ್ನು ನಾನು ಯಾವ ಕಾರಿನಲ್ಲೂ ಕಂಡಿಲ್ಲ. ತಿಂಗಳಿಗೆ ನೂರಿನ್ನೂರು ಕಿಲೋಮೀಟರ್ ಓಡುವ ಹಳೆಯ ಕಾರಿಗೆ, ಕೈಪಿಡಿಯಲ್ಲಿರುವ ಸಾಧಾರಣ ಪ್ಲಗ್ಗೇ ಯೋಗ್ಯ. ನಿಮ್ಮದು ಕಾರ್ಬುರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್, ಡಿಸ್ಟ್ರಿಬ್ಯೂಟರಿನಿಂದ ಹೊರಡುವ ದಪ್ಪ ವೈರುಗಳು ಪ್ಲಗ್ಗುಗಳಿಗೆ ಹೋಗುತ್ತವೆ. ಆ ವೈರುಗಳನ್ನು ಒಂದೊಂದಾಗಿಯೇ ಬಿಚ್ಚಿ ಹಾಕಿರಿ, ಅದಲುಬದಲಾದರೆ ಕಾರು ಸ್ಟಾರ್ಟೇ ಆಗದು. ಪ್ಲಗ್ಗಿಗೆ 21 ಮಿ.ಮೀ. ಸ್ಪ್ಯಾನರ್ ಬೇಕು. ಸಂದನ್ನು ಫೀಲರ್ ಗೇಜಿನಿಂದ ಅಳೆದು, ಹೊರಗಿನ ಬಾಗಿದ ಕಡ್ಡಿಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿ ಕೈಪಿಡಿಯ ಅಳತೆಗೆ ತಂದುಕೊಳ್ಳಿ.

ಪ್ರಶ್ನೆ: ಪುಣೆಯಲ್ಲಿ ನೆಲೆಸಿರುವ ಕನ್ನಡಿಗ ನಾನು. ನನ್ನ ಸಿಎನ್‌ಜಿ ಕಾರು ಪೆಟ್ರೋಲಿನಲ್ಲಿ ಸರಿಯಾಗಿ ಓಡುತ್ತದೆ, ಗ್ಯಾಸಿಗೆ ಬದಲಾದ ಕೂಡಲೇ ಎಳೆಯುವಾಗ ಜರ್ಕ್ ಹೊಡೆಯುತ್ತದೆ.

ಉತ್ತರ: ಮೊದಲು ಪ್ಲಗ್ಗುಗಳನ್ನೇ ನೋಡಿರಿ. ಗ್ಯಾಸ್ ಮತ್ತು ಗಾಳಿಯ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಅರ್ಧ ಸವೆದ ಪ್ಲಗ್ ಪೆಟ್ರೋಲಿನಲ್ಲಿ ಹೇಗೋ ನಿಭಾಯಿಸಿ ಗ್ಯಾಸಿನಲ್ಲಿ ಸೋಲುತ್ತದೆ. ಸಿಎನ್‌ಜಿ ಕಾರಿನಲ್ಲಿ ಪ್ಲಗ್ಗುಗಳನ್ನು ಬೇಗನೆ ತಪಾಸಣೆ ಮಾಡಬೇಕು. ಕೈಪಿಡಿ ಸಂದಿಗೆ ಒಂದು ಮಿತಿಯನ್ನು ಕೊಟ್ಟಿದ್ದರೆ ಅದರ ಕಿರಿಯ ಅಳತೆಗೆ ಇಟ್ಟುಕೊಳ್ಳಿ. ಪ್ಲಗ್ ಬದಲಿಸುವುದು ಮನೆಯ ಕೆಲಸವೇ, ಆದರೆ ಗ್ಯಾಸಿನ ಪೈಪ್, ರೆಗ್ಯುಲೇಟರ್ ಮುಂತಾದವುಗಳ ಒಂದು ನಟ್ಟನ್ನೂ ಮುಟ್ಟಬೇಡಿ. ಗ್ಯಾಸ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ. ಕೆಲಸಕ್ಕೆ ಮೊದಲು ಸಿಲಿಂಡರಿನ ಕೈವಾಲ್ವ್ ಮುಚ್ಚಿ, ಬಯಲಿನಲ್ಲಿ ಮಾಡಿರಿ. ಗ್ಯಾಸಿನ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿರಿ.

ಪ್ರಶ್ನೆ: ಹಳೆಯ ಹೋಂಡಾ ಸಿಟಿ ಐ-ಡಿಎಸ್‌ಐ ಕೊಂಡಿದ್ದೇನೆ. ನಾಲ್ಕು ಸಿಲಿಂಡರಿಗೆ ಎಂಟು ಪ್ಲಗ್ ಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಮೋಸವೇ?
— ಬಳ್ಳಾರಿಯ ಓದುಗರು

ಉತ್ತರ: ಮೋಸವಲ್ಲ. ಆ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡು ಪ್ಲಗ್ಗುಗಳಿವೆ, ಎಂಟೂ ಬೇಕು. ಒಂದು ಸಾಲು ಮುಂದೆ, ಇನ್ನೊಂದು ಸಾಲು ಹಿಂದೆ ಇರುತ್ತದೆ. ಸುಲಭಕ್ಕೆ ಕೈಗೆಟುಕುವ ಸಾಲನ್ನು ಮಾತ್ರ ಬದಲಿಸಿ ಉಳಿದದ್ದನ್ನು ಬಿಟ್ಟುಬಿಡುವುದುಂಟು, ಆದ್ದರಿಂದ ಬಿಚ್ಚಿದ ಎಂಟೂ ಹಳೆಯ ಪ್ಲಗ್ಗುಗಳನ್ನು ಕೇಳಿ ಪಡೆಯಿರಿ.

ಪ್ರಶ್ನೆ: ನನ್ನದು ಡೀಸೆಲ್ ಸ್ವಿಫ್ಟ್. ಎಷ್ಟು ಕಿಲೋಮೀಟರಿಗೆ ಸ್ಪಾರ್ಕ್ ಪ್ಲಗ್ ಬದಲಿಸಬೇಕು?
— ವಿಜಯಪುರದ ಓದುಗರು

ಉತ್ತರ: ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಒತ್ತಡದ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಇರುವುದು ಚಳಿಯಲ್ಲಿ ಸ್ಟಾರ್ಟಿಗೆ ನೆರವಾಗುವ ಗ್ಲೋ ಪ್ಲಗ್. ಸ್ಟಾರ್ಟ್ ಚೆನ್ನಾಗಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ಪ್ರಶ್ನೆ: ಸಮುದ್ರದ ಹತ್ತಿರ ನಮ್ಮ ಮನೆ. ಮೂರು ಪ್ಲಗ್ಗಿನಲ್ಲಿ ಎರಡು ಬಂದವು, ಒಂದು ಅಲುಗಾಡುತ್ತಿಲ್ಲ. ಉದ್ದದ ಪೈಪ್ ಹಾಕಿ ಎಳೆಯಲೇ? ಅಕಸ್ಮಾತ್ ಥ್ರೆಡ್ ಹೋದರೆ ಹೆಡ್ಡನ್ನೇ ಬದಲಿಸಬೇಕೇ?
— ಕಾರವಾರದ ಓದುಗರು

ಉತ್ತರ: ದಯವಿಟ್ಟು ಪೈಪ್ ಹಾಕಿ ಎಳೆಯಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನು ಪ್ಲಗ್ಗಿನ ಬುಡಕ್ಕೆ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಬಿಡಿರಿ. ಬೆಳಗ್ಗೆ ಬಿಚ್ಚುವ ದಿಕ್ಕಿಗೆ ಎಂಟನೇ ಒಂದು ಸುತ್ತು, ಮತ್ತೆ ಬಿಗಿಯ ದಿಕ್ಕಿಗೆ ಅಷ್ಟೇ, ಮತ್ತೆ ಹನಿ ಎಣ್ಣೆ, ಹೀಗೆ ಹಿಂದೆ ಮುಂದೆ ಮಾಡುತ್ತ ಬಿಡಿಸಿರಿ. ಕರಕರ ಸದ್ದು ಬಂದರೆ ಅದು ಥ್ರೆಡ್ಡಿನ ಸಂದಿನ ಇದ್ದಿಲು, ಅಲ್ಲಿ ಬಲ ಹಾಕದೆ ಹಿಂದಕ್ಕೆ ತಿರುಗಿಸಬೇಕು. ಅಷ್ಟಾದರೂ ಬಾರದಿದ್ದರೆ ಅದೊಂದನ್ನು ಹಾಗೆಯೇ ಬಿಟ್ಟು, ಬಿಚ್ಚಿದ ಎರಡರ ಜಾಗಕ್ಕೆ ಹೊಸದನ್ನು ಹಾಕಿ, ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡೇ ಹೋಗಿರಿ. ಎಂಜಿನ್ ಉಗುರುಬೆಚ್ಚಗಿರುವಾಗ ಬಿಡಿಸುವ ಅನುಭವ ಅಲ್ಲಿನವರಿಗೆ ಇರುತ್ತದೆ.

ಥ್ರೆಡ್ ಹೋದರೆ ಹೆಡ್ ಬದಲಿಸಬೇಕಾಗಿಲ್ಲ. ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದು, ಉಕ್ಕಿನ ಥ್ರೆಡ್ ಇನ್‌ಸರ್ಟ್ ಕೂರಿಸುತ್ತಾರೆ. ಸರಿಯಾಗಿ ಕೂರಿಸಿದರೆ ಅದು ಮೂಲದ ಅಲ್ಯೂಮಿನಿಯಂ ಥ್ರೆಡ್ಡಿಗಿಂತಲೂ ಗಟ್ಟಿ. ಆದರೆ ಕೊರೆದ ಚೂರುಗಳು ಸಿಲಿಂಡರಿಗೆ ಬೀಳಬಾರದು, ಅದಕ್ಕೆ ಹೆಡ್ ಬಿಚ್ಚಿ ಮಾಡುವುದೇ ನನಗೆ ಸಮಾಧಾನದ ಕ್ರಮ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮಾರುತಿ 800ರ ಮೂರನೆಯ ಪ್ಲಗ್ಗನ್ನು ನೇರವಾಗಿ ಸ್ಪ್ಯಾನರಿನಲ್ಲೇ ತಿರುಗಿಸಿದೆ. ಸ್ವಲ್ಪ ಬಿಗಿ ಎನಿಸಿತು, ಕೊಳೆ ಇರಬೇಕೆಂದುಕೊಂಡು ಇನ್ನೆರಡು ಸುತ್ತು ತಿರುಗಿಸಿದೆ. ಅಲ್ಲಿಗೆ ಬಿಗಿಯೂ ಹೋಯಿತು, ಸ್ಪ್ಯಾನರ್ ಹಗುರವಾಗಿ ತಿರುಗತೊಡಗಿತು. ಹೆಡ್ ಬಿಚ್ಚಿ ಲೇತಿನವರ ಬಳಿ ಹೋಗಿಬರುವಷ್ಟರಲ್ಲಿ ಮೂರು ದಿನ ಕಳೆಯಿತು, ಕಾರಿನವರು ಮೂರು ದಿನವೂ ಬಸ್ಸಿನಲ್ಲಿ ಓಡಾಡಿದರು. ಮೇಸ್ತ್ರಿಗಳು ಬೈಯಲಿಲ್ಲ. ಹಳೆಯ ಪೆಟ್ರೋಲ್ ಪೈಪಿನ ತುಂಡೊಂದನ್ನು ಬ್ಲೇಡಿನಲ್ಲಿ ಕತ್ತರಿಸಿ ನನ್ನ ಕೈಗಿಟ್ಟು, ಇನ್ನು ಮೇಲೆ ಇದರಲ್ಲಿ ಇಳಿಯದ ಪ್ಲಗ್ಗಿಗೆ ಸ್ಪ್ಯಾನರ್ ಹಾಕಬೇಡ ಎಂದರು.

ಪ್ರಶ್ನೆ: ಹಳೆಯ ಪ್ಲಗ್ಗುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಳಸಬಹುದೇ?
— ಚಿಕ್ಕಮಗಳೂರಿನ ಓದುಗರು

ಉತ್ತರ: ಅರ್ಧ ಆಯುಸ್ಸಿನ ನಿಕಲ್ ಪ್ಲಗ್ಗಿಗೆ ಮಸಿ ಮಾತ್ರ ಹಿಡಿದಿದ್ದರೆ ಮೆದು ಬ್ರಶ್ಶಿನಿಂದ ಒರೆಸಿ, ಸಂದು ಸರಿಪಡಿಸಿ ಹಾಕಬಹುದು. ಉಪ್ಪುಕಾಗದದ ಹರಳುಗಳು ಪಿಂಗಾಣಿಯ ಸಂದಿನಲ್ಲಿ ಉಳಿದು ಸಿಲಿಂಡರಿಗೆ ಬೀಳುತ್ತವೆ, ಆದ್ದರಿಂದ ಅದು ಬೇಡ. ಇರಿಡಿಯಂ ಮತ್ತು ಪ್ಲಾಟಿನಂ ಪ್ಲಗ್ಗುಗಳ ತುದಿಯನ್ನು ಯಾವುದರಿಂದಲೂ ಉಜ್ಜಬಾರದು. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹೊಸದಾದರೂ ಹಾಕಬೇಡಿ, ಪಿಂಗಾಣಿಯ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲ.